ಹೊಗಿ ಯಾವ ಬಣ್ಣದ್ದ, ಬಸಣ್ಣಾರ?

(ಅಣ್ಣಿಗೇರಿ. ಹುಬ್ಬಳ್ಳಿ–ಗದಗ ಹೆದ್ದಾರಿ ಬದಿಗೆ ಒಂದು ಗ್ಯಾರೇಜು. ಗ್ಯಾರೇಜು ಅಂದರೆ ಒಂದು ಬೇವಿನ ಗಿಡ, ಅದರ ಕೆಳಗೆ ನಾಲ್ಕು ತಗಡು, ಒಂದು ಮುರುಕು ಬಾಕು. ಇಮಾಮಸಾಬ ಮಿಸ್ತ್ರಿ ಚಹಾ ಕುಡಿಯುತ್ತಿದ್ದಾನೆ. 1998ರ ಬಿಳಿ ಮಾರುತಿ 800 ಕೆಮ್ಮುತ್ತ ಬಂದು ನಿಲ್ಲುತ್ತದೆ. ಬಿಳಿ ಎಂದು ಆರ್.ಸಿ.ಯಲ್ಲಿ ಬರೆದಿದೆ, ಎರೆಮಣ್ಣಿನ ಸೀಮೆಯಲ್ಲಿ ಅದಕ್ಕೆ ಬೇರೆ ಪುರಾವೆ ಇಲ್ಲ. ಸ್ಟೇರಿಂಗ್ ಹಿಡಿದವನು ಬಸಣ್ಣ, ಪಕ್ಕದಲ್ಲಿ ಅವನ ಹೆಂಡತಿಯ ತಮ್ಮ ವಿರೂಪಾಕ್ಷಿ, ಹಿಂದಿನ ಸೀಟಿನಲ್ಲಿ ಮೂಗಿಗೆ ಸೆರಗು ಒತ್ತಿಕೊಂಡ ಗಂಗವ್ವ.)

ಇಮಾಮಸಾಬ: ಬರ್ರಿ ಬಸಣ್ಣಾರ. ನೀವು ಬರೂಕಿಂತ ಮೊದಲ ನಿಮ್ಮ ಹೊಗಿ ಬಂತು.

ಬಸಣ್ಣ: ಅದಕ್ಕ ಬಂದೇನೋ ಮಿಸ್ತ್ರಿ. ಎಮಿಷನ್ ಮಾಡಸಾಕ ಹೋದ್ರ, ಆ ಹುಡುಗ ಸೈಲೆನ್ಸರಿನಾಗ ಪೈಪ್ ಇಡೂದ ಬಿಟ್ಟು, ದೂರ ನಿಂತ ನೋಡಿ, ಕೈ ಮುಗದು ಕಳಸಿದ.

ವಿರೂಪಾಕ್ಷಿ: ರಿಂಗ್ ಹೋಗ್ಯಾವ. ನಾ ಹೇಳೇನಿ ಮಾಮಾಗ. ಇಂಜಿನ್ ಇಳಸಬೇಕು, ಬೋರ್ ಮಾಡಸಬೇಕು. ಇಪ್ಪತ್ತೈದ ಸಾವಿರದ ಬಾಬತ್ತು.

ಇಮಾಮಸಾಬ: ತಾವು ಎಲ್ಲಿ ಕೆಲಸಕ್ಕ ಇರೂದ್ರಿ?

ವಿರೂಪಾಕ್ಷಿ: ಸೊಸೈಟಿಯೊಳಗ. ಕ್ಲಾರ್ಕ್.

ಇಮಾಮಸಾಬ: ಅದಕ್ಕ. ಅಂದಾಜುಪಟ್ಟಿ ಕೈಗೆ ಹತ್ತೇತಿ.

ಬಸಣ್ಣ: ಇವನೊಬ್ಬನ ಅಲ್ಲೋ. ಚಹಾದಂಗಡಿಯವ ಪೆಟ್ರೋಲಿನಾಗ ಸೀಮಿಎಣ್ಣಿ ಕಲಸ್ಯಾರ ಅಂದ. ಗಿರಣಿಯವ ಕಾರ್ಬುರೇಟರ್ ಒಗದು ಹೊಸಾದು ಹಾಕು ಅಂದ. ಬೆಂಗಳೂರಾಗಿನ ನಮ್ಮ ಮಗ ಫೋನಿನಾಗ ಸದ್ದು ಕೇಳಿ ಹೆಡ್ ಗ್ಯಾಸ್ಕೆಟ್ ಅಂದ. ನಮ್ಮವ್ವ ದೃಷ್ಟಿ ಆಗೇತಿ, ಇಳಿ ತಗೀರಿ ಅಂತಾಳ.

ಇಮಾಮಸಾಬ: ಎಲ್ಲಾರಕಿಂತ ಸಸ್ತಾ ನಿಮ್ಮವ್ವಾರದ ನೋಡ್ರಿ.

ಬಸಣ್ಣ: ಚಾಷ್ಟಿ ಬ್ಯಾಡ. ಶುಕ್ರವಾರ ಕಲಘಟಗಿಗೆ ಹೋಗಬೇಕು. ಮೊಮ್ಮಗಳಿಗೆ ತೊಟ್ಟಲಾ ಹೇಳೇವಿ. ಸಾಗವಾನಿ ಕಟ್ಟಗಿ, ಅರಗಿನ ಬಣ್ಣ, ನಾಕೂ ಮಗ್ಗಲಕ್ಕ ಕೃಷ್ಣನ ಚಿತ್ರ. ಹುಡುಗಿ ಹುಟ್ಟೂಕಿಂತ ಮೊದಲ ಹೇಳಿದ್ದು, ಈಗ ತಯಾರಾಗೇತಿ.

ಗಂಗವ್ವ: ಹುಡುಗಿ ಅದರಾಗ ಮಲಗೂಕಿಂತ ಮೊದಲ ದೊಡ್ಡಾಕಿ ಆಗಬಾರದಂತ ಗಡಿಬಿಡಿ, ಇಮಾಮಣ್ಣಾ.

ಇಮಾಮಸಾಬ: ಆತ್ರಿ ಅಕ್ಕಾರ. ಹೇಳ್ರಿ ಬಸಣ್ಣಾರ, ಹೊಗಿ ಯಾವ ಬಣ್ಣದ್ದ?

ಬಸಣ್ಣ: ಹೊಗಿ ಬಣ್ಣದ್ದ.

ವಿರೂಪಾಕ್ಷಿ: ನೀಲಿ.

ಗಂಗವ್ವ: ಕರೇದು.

ಬಸಣ್ಣ: ಮುಂಜಾನಿ ಬೆಳ್ಳಗ ಇರ್ತೈತಲಾ?

ಇಮಾಮಸಾಬ: ಜಗಳ ಬ್ಯಾಡ. ಮೂವರೂ ಖರೇನ ಹೇಳಾಕತ್ತೀರಿ. ಯಾವಾಗ ಅನ್ನೂದು ಒಬ್ಬರೂ ಹೇಳವಲ್ರಿ. ಬಣ್ಣಾ ಅರ್ಧಾ ಹೇಳತೈತಿ, ಇನ್ನರ್ಧಾ ಹೊತ್ತು ಹೇಳತೈತಿ. ಲೇ ಮಂಜ್ಯಾ, ಬಾನೆಟ್ ಎತ್ತು.

(ಮಂಜ ಬಾನೆಟ್ ಎತ್ತಿದ್ದೇ ತಡ, ಎಲ್ಲಿದ್ದರೋ ಏನೋ, ಐದಾರು ಮಂದಿ ಬಂದು ಸುತ್ತ ನಿಲ್ಲುತ್ತಾರೆ. ಅವರಲ್ಲಿ ಒಬ್ಬರಿಗೂ ಕಾರಿಲ್ಲ, ಎಲ್ಲರಿಗೂ ಅಭಿಪ್ರಾಯ ಇದೆ. ಅವರ ಮಾತುಗಳನ್ನು ಇಲ್ಲಿ ಬರೆದಿಲ್ಲ. ಓದುಗರು ತಮ್ಮ ಊರಿನ ಮಾತುಗಳನ್ನೇ ಹಾಕಿಕೊಳ್ಳಬಹುದು.)

ಇಮಾಮಸಾಬ: ಮೊದಲ ಬಿಳಿದು ಮುಗಸೂಣು. ಮುಂಜಾನಿ ಬರೂದು ಎಷ್ಟೊತ್ತಿರ್ತೈತಿ?

ಬಸಣ್ಣ: ಅಗಸಿ ದಾಟೂದ್ರಾಗ ಹೋಗಿಬಿಡ್ತೈತಿ. ಥಂಡಿ ಇದ್ದ ದಿನಾ ಜಾಸ್ತಿ.

ವಿರೂಪಾಕ್ಷಿ: ಸೈಲೆನ್ಸರಿನಿಂದ ನೀರೂ ಹನಿ ಹನಿ ಬೀಳ್ತೈತಿ ಮಿಸ್ತ್ರಿ. ರೇಡಿಯೇಟರ್ ನೀರು ಇಂಜಿನ್ ಒಳಗ ಹೊಕ್ಕೇತಿ. ಹೆಡ್ ಗ್ಯಾಸ್ಕೆಟ್ ಹೋಗೇತಿ.

ಇಮಾಮಸಾಬ: ಈಗರ ರಿಂಗ್ ಅಂದ್ರಿ?

ವಿರೂಪಾಕ್ಷಿ: ಎರಡೂ ಹೋಗ್ಯಾವ.

ಇಮಾಮಸಾಬ: ಬಸಣ್ಣಾರ, ರೇಡಿಯೇಟರಿನಾಗ ನೀರು ಇಳೀತೈತೇನ್ರಿ?

ಬಸಣ್ಣ: ಇಲ್ಲ. ದೀಪಾವಳಿ ಪೂಜಾದಾಗ ತುಂಬಿಸಿದ್ದು, ಹಂಗ ಐತಿ.

ಇಮಾಮಸಾಬ: ಮಂಜ್ಯಾ, ಆಯಿಲ್ ಹಾಕೂ ಮುಚ್ಚಳಾ ತಿರುವು. ರೇಡಿಯೇಟರ್ ಮುಚ್ಚಳಾ ಮುಟ್ಟಬ್ಯಾಡ ಮತ್ತ, ಕಾದೇತಿ, ಮಾರಿ ಸುಟಗೋತಿ. ಹಾಂ, ಇಲ್ಲಿ ನೋಡ್ರಿ ವಿರೂಪಾಕ್ಷಪ್ಪಾರ. ಎಣ್ಣಿಯೊಳಗ ನೀರು ಕೂಡಿತ್ತಂದ್ರ ಈ ಮುಚ್ಚಳದ ಒಳಗ ಬೆಳ್ಳಗ ಜಿಗಟ ನೊರಿ ಕುಂತಿರತಿತ್ತು. ಏನರ ಐತೇನು?

ವಿರೂಪಾಕ್ಷಿ: ಕಾಣವಲ್ದು.

ಇಮಾಮಸಾಬ: ಗ್ಯಾಸ್ಕೆಟ್ ಹೋಗಿದ್ರ ಬಿಳಿ ಹೊಗಿ ಇಂಜಿನ್ ಕಾದಮ್ಯಾಲೂ ನಿಲ್ಲೂದಿಲ್ಲ. ನೀರು ಇಳಕೋತ ಹೋಗತೈತಿ. ಕೂಲೆಂಟ್ ಹಾಕಿದ್ರ ಹೊಗಿಗೆ ಸೀ ವಾಸನಿ ಬರತೈತಿ. ನಿಮ್ದು ಹೊಗೀನ ಅಲ್ಲ, ಉಗಿ.

ಬಸಣ್ಣ: ಮತ್ತ ಆ ನೀರು ಎಲ್ಲಿಂದ ಬಂತು?

ಇಮಾಮಸಾಬ: ಪೆಟ್ರೋಲಿಂದ. ಒಂದು ಲೀಟರ್ ಪೆಟ್ರೋಲ್ ಪೂರಾ ಸುಟ್ಟರ ಹತ್ರಹತ್ರ ಒಂದು ಲೀಟರ್ ನೀರು ಹುಟ್ಟತೈತಿ. ಸೈಲೆನ್ಸರ್ ಕಾದಿದ್ರ ಕಣ್ಣಿಗೆ ಕಾಣದಂಗ ಹಾರಿ ಹೋಗತೈತಿ, ತಣ್ಣಗಿದ್ರ ಹನಿ ಆಗಿ ಬೀಳತೈತಿ.

ಬಸಣ್ಣ: ಬೆಂಕಿ ಹಚ್ಚಿದ್ರ ನೀರು ಹುಟ್ಟತೈತಿ? ಮುಂಜಮುಂಜಾನೆ ಏನ ತಗೊಂಡಿ ಮಿಸ್ತ್ರಿ?

ಇಮಾಮಸಾಬ: ಯಮನೂರ ಜಾತ್ರ್ಯಾಗ ಬೆಣ್ಣಿಹಳ್ಳದ ನೀರಿಲೆ ದೀಪ ಹಚ್ಚತಾರಂದ್ರ ನಂಬತೀರಿ. ಬೆಂಕಿಲೆ ನೀರು ಅಂದ್ರ ನಂಬೂದಿಲ್ಲ?

ಬಸಣ್ಣ: ಅದು ಚಾಂಗದೇವನ ಪವಾಡ.

ಇಮಾಮಸಾಬ: ಇದು ದಿನಾ ನಡಿಯೂ ಮಾತು. ಅದಕ್ಕ ಇದರ ಹೆಸರೀಲೆ ಯಾರೂ ಜಾತ್ರಿ ಮಾಡಿಲ್ಲ. ನಡೀರಿ, ನೀಲಿಗೆ ಬರೂಣು. ಅದನ್ನ ಯಾವಾಗ ನೋಡಿದ್ರಿ ವಿರೂಪಾಕ್ಷಪ್ಪಾರ?

ವಿರೂಪಾಕ್ಷಿ: ಮುಂಜಾನಿ ಚಾಲೂ ಮಾಡಿದ ಕೂಡ್ಲೆ. ಭಕ್ ಅಂತ ಒಮ್ಮೆ ಬರತೈತಿ.

ಇಮಾಮಸಾಬ: ಆಮ್ಯಾಲೆ? ಎಕ್ಸಿಲೇಟರ್ ಒತ್ತಿ ಎಳಿಯೂವಾಗ?

ವಿರೂಪಾಕ್ಷಿ: ಆವಾಗ ನಾ ಮುಂದ ನೋಡಿರ್ತೇನಿ.

ಗಂಗವ್ವ: ಹಿಂದಿನ ಕಾಜಿನಾಗ ನಾ ನೋಡಿರ್ತೇನಿ. ಆವಾಗ ನೀಲಿ ಇರೂದಿಲ್ಲ, ಕರೇದ.

ಇಮಾಮಸಾಬ: ಕೇಳಿದ್ರೆಲ್ಲ? ನೀಲಿ ಅಂದ್ರ ಆಯಿಲ್ ಸುಡಾಕತ್ತೇತಿ ಅಂತ, ಖರೆ. ಆದ್ರ ಎಣ್ಣಿ ಎರಡು ಹಾದಿಲೆ ಬರತೈತಿ. ಮ್ಯಾಲಿಂದ ಒಂದು, ಕೆಳಗಿಂದ ಒಂದು. ಮ್ಯಾಲೆ ವಾಲ್ವಿಗೆ ಸಣ್ಣ ರಬ್ಬರ್ ಸೀಲ್ ಇರ್ತಾವ, ಹಳೇವಾದ್ರ ಗಟ್ಟಿ ಆಗಿ ಬಿರೀತಾವ. ರಾತ್ರಿಯೆಲ್ಲಾ ಗಾಡಿ ನಿಂತಾಗ ಎಣ್ಣಿ ಸೋರಿ ಒಳಗ ಇಳದಿರತೈತಿ. ಮುಂಜಾನಿ ಅದಷ್ಟ ಸುಟ್ಟು ಒಮ್ಮೆ ನೀಲಿ ಬಂದು ಮುಗೀತು. ಕೆಳಗಿನ ಹಾದಿ ಅಂದ್ರ ರಿಂಗ್. ಅವು ಸವದಿದ್ರ ಗಾಡಿ ಎಳದಾಗೆಲ್ಲಾ ನೀಲಿ ಬಿಡತೈತಿ, ಹಿಂದಿನ ಬಸ್ ಡ್ರೈವರ್ ನಿಮ್ಮ ಮನೆತನ ಎತ್ತಿ ಬೈಯೂತನಕಾ. ಆಯಿಲ್ ಎಷ್ಟು ಕುಡೀತೈತಿ?

ಬಸಣ್ಣ: ನಮ್ಮ ಬೀಗರಾಗ ಕುಡಿಯೋರಕಿಂತ ಭಾಳ ಕಮ್ಮಿ. ಸುಗ್ಗಿಯಿಂದ ಸುಗ್ಗಿಗೆ ಒಂದ್ಸಲ ಮ್ಯಾಲ ಹಾಕತೇನಿ.

ಇಮಾಮಸಾಬ: ಹಂಗಾರ ರಿಂಗ್ ಸುದ್ದಿ ಬಿಡ್ರಿ. ಅಷ್ಟೂ ಸಂಶಯ ಇದ್ರ ಪ್ಲಗ್ ತಗದು ಕಂಪ್ರೆಶನ್ ಗೇಜ್ ಹಚ್ಚಬೇಕು. ಮುಳ್ಳು ಕಮ್ಮಿ ತೋರಿಸಿದ್ರ, ಅದ ತೂತಿನಾಗ ಒಂದು ಚಮಚ ಆಯಿಲ್ ಬಿಟ್ಟು ಮತ್ತ ನೋಡಬೇಕು. ಮುಳ್ಳು ಏರಿತಂದ್ರ ರಿಂಗಿಂದು ತಪ್ಪು, ಏರಲಿಲ್ಲಂದ್ರ ವಾಲ್ವಿಂದು. ಇಷ್ಟೂ ನೋಡದ ಇಂಜಿನ್ ಇಳಸೂದಂದ್ರ ಅದನ್ನ ಸೊಸೈಟಿ ರೊಕ್ಕಾ ಅಂತ ತಿಳಕೊಂಡಂಗ.

(ವಿರೂಪಾಕ್ಷಿ ಬಾಕಿನ ಮೇಲೆ ಕೂಡುತ್ತಾನೆ. ಬಾಕು ಒಂದು ಕಡೆ ವಾಲುತ್ತದೆ.)

ಇಮಾಮಸಾಬ: ಇನ್ನ ಉಳದದ್ದು ಅಕ್ಕಾರ ಹೇಳಿದ ಕರೇ ಹೊಗಿ. ಅದ ಖರೇ ರೋಗ. ವಿರೂಪಾಕ್ಷಪ್ಪಾರ, ನಿಮ್ಮ ದಸ್ತಿ ಕೊಡ್ರಿ.

ವಿರೂಪಾಕ್ಷಿ: ಹೊಸಾದೈತಿ!

ಇಮಾಮಸಾಬ: ಹೊಸಾದ ಬೇಕು. ಬಿಳಿದಿದ್ರ ಸುಳ್ಳು ಹೇಳೂದಿಲ್ಲ.

(ಮಿಸ್ತ್ರಿ ದಸ್ತಿಯನ್ನು ಸೈಲೆನ್ಸರ್ ಬಾಯಿಂದ ಒಂದು ಗೇಣು ದೂರ ಹಿಡಿಯುತ್ತಾನೆ. ಮಂಜ ರೇಸ್ ಮಾಡುತ್ತಾನೆ. ದಸ್ತಿ ಕಪ್ಪಾಗುತ್ತದೆ. ಮಿಸ್ತ್ರಿ ಬೆರಳಿಂದ ತಿಕ್ಕಿ ನೋಡುತ್ತಾನೆ.)

ಇಮಾಮಸಾಬ: ಒಣಾ ಮಸಿ. ಜಿಡ್ಡಿಲ್ಲ, ಎಣ್ಣಿ ಹನಿ ಇಲ್ಲ. ಪೆಟ್ರೋಲ್ ಜಾಸ್ತಿ, ಗಾಳಿ ಕಮ್ಮಿ. ತಗೋರಿ ನಿಮ್ಮ ದಸ್ತಿ.

ವಿರೂಪಾಕ್ಷಿ: ನೀವ ಇಟಗೋರಿ.

ಇಮಾಮಸಾಬ: ಮಂಜ್ಯಾ, ಮೂರೂ ಪ್ಲಗ್ ಬಿಚ್ಚು.

(ಮಂಜ ಮೂರು ಪ್ಲಗ್ಗುಗಳನ್ನು ಬಿಚ್ಚಿ ಹಳೆಯ ದಿನಪತ್ರಿಕೆಯ ಮೇಲೆ ಸಾಲಾಗಿ ಇಡುತ್ತಾನೆ. ಮೂರರ ತುದಿಗೂ ಒಂದೇ ಹದದ ಮಸಿ, ಉಜ್ಜಿದರೆ ಉದುರುತ್ತದೆ. ಇರಬೇಕಾದ್ದು ಬಿಸ್ಕೀಟಿನ ಕಂದು.)

ಇಮಾಮಸಾಬ: ಮೂರೂ ಒಂದ ನಮೂನಿ ಅದಾವ ನೋಡ್ರಿ. ಒಂದು ಪ್ಲಗ್ ಅಷ್ಟ ಕೆಟ್ಟಿದ್ರ ಆ ಒಂದು ಸಿಲಿಂಡರಿನ ದೋಷ ಅಂತಿದ್ದೆ. ಎಣ್ಣಿ ಬಿದ್ದಿದ್ರ ಹಸಿ ಹಸಿ ಜಿಡ್ಡು ಇರತಿತ್ತು.

ಬಸಣ್ಣ: ಥೇಟ್ ನನ್ನ ಮೂರು ಅಳಿಯಂದಿರಂಗ ಅದಾವಲ್ಲೋ.

ಇಮಾಮಸಾಬ: ಮೂವರಿಗೂ ಒಂದ ಚಟ ಇದ್ರ ತಪ್ಪು ಅವರದಲ್ರಿ. ಉಣಸೂವರದು.

ಗಂಗವ್ವ: (ಗಂಡನ ಕಡೆ ನೋಡಿ) ಕೇಳ್ರಿ.

ಇಮಾಮಸಾಬ: ಇಲ್ಲಿ ಉಣಸೂದು ಕಾರ್ಬುರೇಟರ್. ಒಂದು ಕಿಲೋ ಪೆಟ್ರೋಲ್ ಚಂದಂಗ ಸುಡಾಕ 14.7 ಕಿಲೋ ಗಾಳಿ ಬೇಕು.

ಬಸಣ್ಣ: ಗಾಳಿನೂ ಕಿಲೋದಾಗ ತೂಗತಾರ?

ಇಮಾಮಸಾಬ: ಇಂಜಿನ್ ತೂಗತೈತಿ. ಅದಕ್ಕ ಒಂದಿಷ್ಟು ಕಮ್ಮಿ ಬಿದ್ರ ಪೆಟ್ರೋಲ್ ಅರಾಬರಾ ಸುಟ್ಟು ಮಸಿ ಆಗಿ ಹೊರಗ ಬರತೈತಿ. ಗಾಡಿ ಎಷ್ಟು ಕೊಡಾಕತ್ತೇತಿ ಈಗ?

ಬಸಣ್ಣ: ಮೊದಲ ಹದಿನಾರು ಕೊಡತಿತ್ತು. ಈಗ ಹನ್ನೊಂದರ ಮ್ಯಾಲೆ ಏಳವಲ್ದು.

ಇಮಾಮಸಾಬ: ಉಳದ ಐದು ಆ ದಸ್ತಿ ಮ್ಯಾಲೈತಿ. ಮಂಜ್ಯಾ, ಏರ್ ಫಿಲ್ಟರ್ ತಗದು ಜಾಡಸು.

(ಮಂಜ ಫಿಲ್ಟರನ್ನು ಗಿಡದ ಬೊಡ್ಡೆಗೆ ತಟ್ಟುತ್ತಾನೆ. ಕರಿ ಧೂಳು ಒಂದು ಗುಪ್ಪೆ ಬೀಳುತ್ತದೆ, ಹಿಂದಿನಿಂದ ಹೆಸರಿನ ಹೊಟ್ಟು, ಆಮೇಲೆ ಒಂದು ಕಡಲೆ ಕಾಳು.)

ಬಸಣ್ಣ: ಏಯ್, ಇದು ನಮ್ಮ ಹೊಲದ ಮಣ್ಣು!

ಇಮಾಮಸಾಬ: ಉತಾರ ಬ್ಯಾರೆ ತಗಸ್ರಿ. ರಾಶಿ ಮಾಡೂವಾಗ ಗಾಡಿ ಕಣಕ್ಕ ಒಯ್ದಿದ್ರಿ ಹೌದಲ್ಲೋ?

ಬಸಣ್ಣ: ಹೆಸರು ರಾಶಿಗೂ ಒಯ್ದಿದ್ದೆ, ಕಡ್ಲಿ ರಾಶಿಗೂ ಒಯ್ದಿದ್ದೆ. ಬುತ್ತಿ ಒಯ್ಯಬೇಕಲ್ಲ.

ಇಮಾಮಸಾಬ: ಎರಿಭೂಮಿ ಧೂಳು ಅಂದ್ರ ಹಿಟ್ಟಿನಕಿಂತ ಸಣ್ಣ. ಕಂಪನಿ ಪುಸ್ತಕದಾಗ ಫಿಲ್ಟರಿಗೆ ಬರದ ಲೆಕ್ಕ ಡಾಂಬರ ರಸ್ತೆಯವರಿಗೆ. ನಮ್ಮ ಕಡೆಯವರು ಪ್ರತಿ ಸುಗ್ಗಿ ಆದಮ್ಯಾಲೆ ನೋಡಬೇಕು. ಇದು ಕಾಗದದ್ದು, ಇಷ್ಟು ತುಂಬಿದಮ್ಯಾಲೆ ಗಾಳಿ ಹೊಡದ್ರೂ ಉಪಯೋಗಿಲ್ಲ. ಹೊಸಾದು ಹಾಕೂಣು.

ಬಸಣ್ಣ: ಹಂಗಾರ ಇದ ರೋಗ. ಮುಗೀತಲ್ಲ?

ಇಮಾಮಸಾಬ: ತಡೀರಿ. (ಕಾರ್ಬುರೇಟರ್ ಬಾಯಿಯಲ್ಲಿ ಇಣುಕಿ) ಇಂಜಿನ್ ಕಾದೇತಿ. ಕಾದಾಗ ಈ ಚೋಕ್ ತಗಡು ಪೂರಾ ತೆರಕೊಂಡು ನಿಂತಿರಬೇಕು. ಅರ್ಧಾ ಮುಚ್ಚೇತಿ. ಬಸಣ್ಣಾರ, ಚೋಕ್ ಒಳಗ ಒತ್ತೀರೋ ಇಲ್ಲೋ?

ಬಸಣ್ಣ: ಮುಂಜಾನಿ ಚಾಲೂ ಮಾಡೂಮುಂದ ಜಗ್ಗತೇನಿ, ಹೊಂಟಮ್ಯಾಲೆ ಒತ್ತತೇನಿ. ಇಪ್ಪತ್ತು ವರ್ಷದಿಂದ ಗಾಡಿ ಹೊಡೀತೇನಿ, ನನಗ ಹೇಳ್ತಿ?

(ಮಿಸ್ತ್ರಿ ಬಾಗಿಲು ತೆಗೆದು ಒಳಗೆ ನೋಡುತ್ತಾನೆ. ಡ್ಯಾಶ್‌ಬೋರ್ಡಿನ ಚೋಕ್ ಗುಬ್ಬಿಗೆ ಒಂದು ಕೆಂಪು ಚೀಲ ನೇತಾಡುತ್ತಿದೆ.)

ಇಮಾಮಸಾಬ: ಇದು ಯಾರದ್ರಿ ಚೀಲ?

ಬಸಣ್ಣ: ನಂದು. ಎಲಿಅಡಕಿದು. ಆ ಗುಬ್ಬಿ ಅದಕ್ಕ ಹೇಳಿ ಮಾಡಿಸಿದಂಗೈತಿ.

ಇಮಾಮಸಾಬ: ಹಾದಿಯೊಳಗ ಎಲಿ ಬೇಕಾದ್ರ?

ಬಸಣ್ಣ: ಕೈ ಹಾಕಿ ಜಗ್ಗತೇನಿ.

ಇಮಾಮಸಾಬ: ಚೀಲಾ ಜಗ್ಗತೀರಿ. ಚೀಲದ ಜೋಡಿ ಚೋಕ್ ಬರತೈತಿ. ಎಷ್ಟು ಎಲಿ ತಿಂತೀರಿ ಅಷ್ಟು ಪೆಟ್ರೋಲ್ ಇಂಜಿನ್ ತಿಂತೈತಿ.

(ಸುತ್ತ ನಿಂತವರು ನಗುತ್ತಾರೆ. ಗಂಗವ್ವ ನಗುವುದಿಲ್ಲ, ಅವಳು ಲೆಕ್ಕ ಹಾಕುತ್ತಿದ್ದಾಳೆ.)

ಗಂಗವ್ವ: ಒಂದು ಎಲಿಗೆ ಎಷ್ಟು ಬಿತ್ತು ಇಮಾಮಣ್ಣಾ?

ಬಸಣ್ಣ: ಆ ಲೆಕ್ಕ ಮನ್ಯಾಗ ಮಾಡೂಣು. ಪೆಟ್ರೋಲ್ ವಾಸನಿದು ಹೇಳು ಮಿಸ್ತ್ರಿ. ಈಕಿ ಕುಂತ್ರ ನಿಂತ್ರ ವಾಸನಿ ಅಂತಾಳ. ನನಗೇನೂ ಬರವಲ್ದು.

ಇಮಾಮಸಾಬ: ನಿಮಗ ಹೆಂಗ ಬರತೈತ್ರಿ? ದಿನಾ ಒಂದು ಡಬ್ಬಿ ನಶ್ಯ ಏರಸ್ತೀರಿ. ಪಂಪಿನಾಗ ಕುಂಡರಸಿದ್ರೂ ನಿಮಗ ವಾಸನಿ ಬರೂದಿಲ್ಲ.

(ಇಷ್ಟರಲ್ಲಿ ವಿರೂಪಾಕ್ಷಿ ಬೀಡಿ ಬಾಯಿಗಿಟ್ಟು ಕಡ್ಡಿ ಪೆಟ್ಟಿಗೆ ತೆಗೆಯುತ್ತಾನೆ. ಮಿಸ್ತ್ರಿ ಎರಡೇ ಹೆಜ್ಜೆಗೆ ಹೋಗಿ ಕಡ್ಡಿ ಪೆಟ್ಟಿಗೆ ಕಸಿಯುತ್ತಾನೆ. ಇಡೀ ಸಂವಾದದಲ್ಲಿ ಅವನು ನಗದೇ ಮಾತಾಡಿದ್ದು ಇದೊಂದೇ ಸಲ.)

ಇಮಾಮಸಾಬ: ಪೆಟ್ರೋಲ್ ವಾಸನಿ ಅಂತ ಹೇಳಿದ ಗಾಡಿ ಮುಂದ ಬೀಡಿ? ಆ ಹೆದ್ದಾರಿ ದಾಟಿ ಹೋಗಿ ಸೇದ್ರಿ. ಪೆಟ್ರೋಲ್ ಆವಿ ಗಾಳಿಕಿಂತ ಭಾರ, ಮ್ಯಾಲ ಹಾರೂದಿಲ್ಲ, ನೆಲಾ ಹಿಡದು ಹರೀತೈತಿ. ಎಲ್ಲಿ ಸೋರತೈತಿ ಅಂತ ಕಡ್ಡಿ ಕೊರದು ನೋಡೂವರನೂ ಕಂಡೇನಿ ನಾ.

ವಿರೂಪಾಕ್ಷಿ: ಆತ್ರಿ, ಆತ್ರಿ.

ಇಮಾಮಸಾಬ: ಅಕ್ಕಾರ, ವಾಸನಿ ಯಾವಾಗ ಬರತೈತಿ? ಮುಂಜಾನಿ ಬಾಗಲಾ ತಗದ ಕೂಡ್ಲೆನೋ, ಗಾಡಿ ಓಡಿ ನಿಂತಮ್ಯಾಲೋ?

ಗಂಗವ್ವ: ಎರಡೂ ಅಲ್ಲ. ಎಣ್ಣಿ ಹಾಕಿಸಿದ ದಿನಾ. ಅದೂ ತುಂಬ ಹಾಕಿಸಿದ್ರ ಅಷ್ಟ. ನೂರು ರೂಪಾಯಿದು ಹಾಕಿಸಿದ್ರ ಬರೂದಿಲ್ಲ. ತಿರುವಿನಾಗ ಭಾಳ, ಆಮ್ಯಾಲೆ ಹಂಪ್ ಜಿಗಿದಾಗ. ಹಿಂದ ಕುಂತ್ರ ಬರತೈತಿ, ಮುಂದ ಕುಂತ್ರ ಕಮ್ಮಿ.

ಇಮಾಮಸಾಬ: (ಬಸಣ್ಣನಿಗೆ) ನಿಮ್ಮ ಗಾಡಿ ರಿಪೇರಿ ಮುಗದುಹೋತ್ರಿ. ಅಕ್ಕಾರ ಮಾಡಿಬಿಟ್ರು. ಗಾಡಿ ನಿಂತಮ್ಯಾಲೆ ಬಾನೆಟ್ ಕಡೆಯಿಂದ ವಾಸನಿ ಬಂದ್ರ ಕಾರ್ಬುರೇಟರಿನ ಫ್ಲೋಟ್, ನೀಡಲ್ ನೋಡಬೇಕಿತ್ತು. ರಾತ್ರಿ ನಿಲ್ಲಿಸಿ ಮುಂಜಾನಿ ವಾಸನಿ ಬಂದ್ರ ಪಂಪಿನ ಪೈಪು, ಕ್ಲಿಪ್ಪು ಹುಡಕಬೇಕಿತ್ತು. ಟ್ಯಾಂಕ್ ತುಂಬಿದಾಗ ಅಷ್ಟ, ತಿರುವಿನಾಗ, ಹಿಂದಿನ ಸೀಟಿಗೆ ಅಂದ್ರ ಟ್ಯಾಂಕಿನ ಬಾಯಿಂದ ಕೆಳಗ ಇಳಿಯೂ ರಬ್ಬರ್ ಪೈಪು. ಮಂಜ್ಯಾ, ಗಾಡಿ ಕೆಳಗ ತೂರು. ಅದಕಿಂತ ಮೊದಲ ಆಯಿಲ್ ಕಡ್ಡಿ ತಾ. ಬಸಣ್ಣಾರ, ಮೂಸಿ ನೋಡ್ರಿ.

ಬಸಣ್ಣ: (ಕಡ್ಡಿ ಮೂಸಿ) ಏನೂ ಇಲ್ಲ.

ಇಮಾಮಸಾಬ: ನಿಮ್ಮ ಸಾಕ್ಷಿ ಕೋರ್ಟಿನಾಗ ನಡಿಯೂದಿಲ್ಲ. ಅಕ್ಕಾರ?

ಗಂಗವ್ವ: ಬರೇ ಆಯಿಲ್ ವಾಸನಿ.

ಇಮಾಮಸಾಬ: ಚೊಲೋ ಆತು. ಪೆಟ್ರೋಲ್ ಪಂಪಿನ ಪಡದಿ ಹರದಿದ್ರ ಪೆಟ್ರೋಲ್ ಇಳದು ಆಯಿಲಿನಾಗ ಕೂಡಿರತಿತ್ತು. ತೆಳ್ಳಗಾದ ಆಯಿಲಿನಾಗ ಗಾಡಿ ಹೊಡದ್ರ ಆವಾಗ ವಿರೂಪಾಕ್ಷಪ್ಪಾರ ಇಪ್ಪತ್ತೈದ ಸಾವಿರ ಖರೇ ಆಗತಿತ್ತು.

ಮಂಜ: (ಗಾಡಿ ಕೆಳಗಿಂದ) ಪೈಪ್ ಸೀಳೇತಿ ಮಾಲಕ! ಕ್ಲಿಪ್ಪಿನ ಬುಡದಾಗ. ಬಳ್ಳಲೆ ಒತ್ತಿದ್ರ ಪುಡಿ ಉದರತೈತಿ.

ಇಮಾಮಸಾಬ: 1998ರ ರಬ್ಬರ್ ಅದು. ಈಗಿನ ಪೆಟ್ರೋಲಿಗೆ ಮಾಡಿದ್ದಲ್ಲ. ಪಂಪಿನಾಗ ಈಗ ಇ20 ಬರತೈತಲ್ಲ, ನೂರಕ್ಕ 20 ಭಾಗ ಎಥೆನಾಲ್. 2030ಕ್ಕ ತರತೇವಿ ಅಂದದ್ದು 2025ಕ್ಕ ತಂದ್ರು. ಹಳೇ ಗಾಡಿಗಳ ರಬ್ಬರಿಗೆ, ವಾಷರಿಗೆ ಅದು ಒಗ್ಗೂದಿಲ್ಲ. ಮ್ಯಾಲ ಅದು ನೀರು ಹೀರಕೋತೈತಿ, ಗಾಡಿ ಭಾಳ ದಿನಾ ನಿಂತ್ರ ಟ್ಯಾಂಕಿಗೆ ತುಕ್ಕು.

ಬಸಣ್ಣ: ಎಥೆನಾಲ್ ಅಂದ್ರ ಕಬ್ಬಿಂದು ಮಾಡತಾರಲಾ?

ಇಮಾಮಸಾಬ: ಕಬ್ಬಿಂದೂ ಮಾಡತಾರ, ಗೋವಿನಜೋಳದಿಂದೂ ಮಾಡತಾರ.

ಬಸಣ್ಣ: ನಾಕ ಎಕರೆ ಗೋವಿನಜೋಳ ನಾನ ಬಿತ್ತೇನಲ್ಲೋ! ನಾ ಬೆಳದ ಮಾಲು ನನ್ನ ಗಾಡಿ ಪೈಪ್ ತಿಂದಂಗಾತು.

ಇಮಾಮಸಾಬ: ರೇಟ್ ಬಂದಾಗ ಖುಷಿ ಪಟ್ಟೀರಿ, ಈಗ ಪೈಪಿಗೆ ಕೊಡ್ರಿ. ಎಥೆನಾಲ್ ತಡಿಯೂ ನಮೂನಿ ಪೈಪ್ ಹುಬ್ಬಳ್ಯಾಗ ಸಿಗತೈತಿ, ಸಂಜಿ ಬಸ್ಸಿಗೆ ತರಸ್ತೇನಿ. ಮುಂದಿನ ಪೈಪ್‌ಗಳನ್ನೂ ಅದರ ಜೋಡೀನ ಬದಲಿ ಮಾಡೂಣು. ಅಲ್ಲಿತನಕ ಗಾಡಿ ಇಲ್ಲೆ ಇರಲಿ.

ಬಸಣ್ಣ: ಆತು. ಶುಕ್ರವಾರ ತೊಟ್ಟಲಾ ತರಾಕ ಅಡ್ಡಿಯಿಲ್ಲ ಅಂದಂಗಾತು. ಹಿಂದಿನ ಬಾಗಲಾ ಮ್ಯಾಲ ಎತ್ತಿ ಕಟ್ಟಿ, ತೊಟ್ಟಲಾ ಅರ್ಧಾ ಒಳಗ ಅರ್ಧಾ ಹೊರಗ ಇಟ್ಟರಾತು.

ಇಮಾಮಸಾಬ: ಅದೊಂದು ಮಾಡಬ್ಯಾಡ್ರಿ! ಹಿಂದಿನ ಬಾಗಲಾ ತೆರಕೊಂಡು ಓಡಿಸಿದ್ರ ಗಾಡಿ ಹಿಂದ ಸುತ್ತೂ ಗಾಳಿ ಸೈಲೆನ್ಸರ್ ಹೊಗಿನ ಜಗ್ಗಿ ಒಳಗ ತರತೈತಿ. ಕರೇ ಹೊಗಿ ಕಾಣತೈತಿ, ಪೆಟ್ರೋಲ್ ವಾಸನಿ ಬರತೈತಿ. ಅದರಾಗಿನ ಕಾರ್ಬನ್ ಮೊನಾಕ್ಸೈಡ್ ಕಾಣೂದೂ ಇಲ್ಲ, ವಾಸನಿನೂ ಇಲ್ಲ. ಮೊದಲ ತಲಿನೋವು, ಆಮ್ಯಾಲೆ ವಾಕರಿಕಿ, ನಿದ್ದಿ ಬಂದಂಗಾಗಿ ಹಂಗ ಮನಷ್ಯಾ ಎಚ್ಚರ ತಪ್ಪತಾನ.

ಗಂಗವ್ವ: ಹೋದ ಸಲ ಸಂತಿ ಚೀಲ ತುಂಬಿ ಬಾಗಲಾ ಕಟಗೊಂಡು ಬಂದಾಗ ನನಗ ತಲಿ ಸಿಡದು ಹೋತು.

ಬಸಣ್ಣ: ಅದು ನಿನ್ನ ತಮ್ಮನ ಮಾತು ಕೇಳಿ.

ಗಂಗವ್ವ: ಅವನ ಮಾತು ಹುಟ್ಟಿದಾಗಿಂದ ಕೇಳಾಕತ್ತೇನಿ. ಅಷ್ಟು ತಲಿ ಎಂದೂ ನೋಯ್ದಿಲ್ಲ.

ಇಮಾಮಸಾಬ: ತೊಟ್ಟಲಾ ಕಾಲು ಬಿಚ್ಚಿ, ಕ್ಯಾರಿಯರ್ ಮ್ಯಾಲ ಜಮಖಾನಿ ಹಾಸಿ, ಹಗ್ಗಲೆ ಬಿಗೀರಿ. ಮಂಜ್ಯಾ, ಸೈಲೆನ್ಸರಿನ ಜೋಡಣಿಯೊಳಗ ಎಲ್ಲ್ಯರ ತೂತು ಬಿದ್ದೇತೇನು ಅದನ್ನೂ ನೋಡಿಬಿಡು.

ಮಂಜ: ಇಲ್ಲ ಮಾಲಕ, ಗಟ್ಟಿ ಐತಿ.

ವಿರೂಪಾಕ್ಷಿ: (ಹೆದ್ದಾರಿ ಆಚೆಯಿಂದ ಕೂಗಿ) ಒಟ್ಟು ಎಷ್ಟಾತ್ರಿ ಮಿಸ್ತ್ರಿ?

ಇಮಾಮಸಾಬ: ಫಿಲ್ಟರ್, ಪೈಪ್, ಕ್ಲಿಪ್, ನನ್ನ ಕೂಲಿ ಎಲ್ಲಾ ಸೇರಿ ಹದಿನೈದನೂರರ ಒಳಗ. ಪ್ಲಗ್ ತಿಕ್ಕಿ ಹಾಕಿದ್ರ ಸಾಕು, ರೊಕ್ಕಿಲ್ಲ. ವಾಲ್ವ್ ಸೀಲ್ ಯುಗಾದಿ ಆದಮ್ಯಾಲೆ ನೋಡೂಣು, ಅಲ್ಲಿತನಕ ಆಯಿಲ್ ಮಟ್ಟ ನೋಡಕೋತ ಇರ್ರಿ. ಇಂಜಿನ್ ಇಳಸೂದು ಬ್ಯಾಡ.

ಬಸಣ್ಣ: ಮತ್ತ ಎಮಿಷನ್?

ಇಮಾಮಸಾಬ: ನಾಡದು ಹೋಗ್ರಿ. ಮನಿಯಿಂದ ತಣ್ಣನ್ನ ಗಾಡಿ ಒಯ್ಯಬ್ಯಾಡ್ರಿ, ಹತ್ತು ಹದಿನೈದು ಕಿಲೋಮೀಟರ್ ಓಡಿಸಿ, ಇಂಜಿನ್ ಚಂದಂಗ ಕಾದಮ್ಯಾಲೆ ಒಯ್ರಿ. ನಿಮ್ಮ ಕಾಲದ ಪೆಟ್ರೋಲ್ ಕಾರಿಗೆ ಕಾರ್ಬನ್ ಮೊನಾಕ್ಸೈಡ್ ನೂರಕ್ಕ 3ರ ಒಳಗ, ಹೈಡ್ರೋಕಾರ್ಬನ್ 1500 ಪಿಪಿಎಂ ಒಳಗ ಇದ್ರ ಪಾಸ್. ಸರ್ಟಿಫಿಕೇಟ್ ಆರು ತಿಂಗಳು ನಡೀತೈತಿ.